ಡಾಕ್ಟರ ಚೀಟಿಯಲ್ಲಿರುವ ದೊಡ್ಡ ಮಾತುಗಳು



ಒಮ್ಮೆ ಮನೆ ಭೇಟಿಗೆ ಹೋದಾಗ ಒಬ್ಬ ತಾಯಿ ಟ್ರಂಕಿನಿಂದ ಹಳೆಯ ಚೀಟಿಯೊಂದನ್ನು ತೆಗೆದು ತೋರಿಸಿದರು. ಅದರಲ್ಲಿ 'ಸಿ.ಟಿ.ಇ.ವಿ.' ಎಂದು ಬರೆದಿತ್ತು. "ಇದು ವಾಸಿಯಾಗದ ಕಾಯಿಲೆ ಅಂದ್ಕೊಂಡ್ವಿ ಸಿಸ್ಟರ್. ಗ್ರಹಣದ ದೋಷ ಅಂತ ಅತ್ತೆ ಹೇಳಿದ್ರು" ಎಂದರು. ಮಗುವಿಗೆ ಆಗಲೇ ಆರು ವರ್ಷ. ಪಾದದ ಹೊರ ಅಂಚನ್ನು ಊರಿ ನಡೆಯುತ್ತಿತ್ತು. ಆ ನಾಲ್ಕು ಅಕ್ಷರಗಳ ಅರ್ಥ 'ಹುಟ್ಟಿನಿಂದ ಬಂದ ಸೊಟ್ಟ ಪಾದ', ಅಷ್ಟೇ. ಇದಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ. ಆ ಮಗುವಿಗೆ ಕೊನೆಗೆ ಚಿಕಿತ್ಸೆ ಆಯಿತು, ಆದರೆ ದೊಡ್ಡ ಆಪರೇಷನ್ನೇ ಬೇಕಾಯಿತು. ಮಾತಿನ ಅರ್ಥ ತಿಳಿಯದೆ ಆರು ವರ್ಷ ಕಳೆದುಹೋಗಿತ್ತು. ಆದ್ದರಿಂದ ಕೆಲವು ಪದಗಳನ್ನು ಇಲ್ಲಿ ತಿಳಿದುಕೊಳ್ಳೋಣ.

ಮೂಳೆ ಮತ್ತು ಕೀಲು: 'ಆಸ್ಟಿಯೋ' ಎಂದರೆ ಮೂಳೆ, 'ಆರ್ಥ್ರೋ' ಎಂದರೆ ಕೀಲು. ಕೊನೆಯಲ್ಲಿ 'ಐಟಿಸ್' ಎಂದಿದ್ದರೆ ಉರಿಯೂತ. ಹೀಗೆ ಆರ್ಥ್ರೈಟಿಸ್ ಎಂದರೆ ಕೀಲಿನ ಉರಿಯೂತ. ಮೂಳೆ ಮುರಿದರೆ ಫ್ರಾಕ್ಚರ್, ಕೀಲು ತಪ್ಪಿದರೆ ಡಿಸ್‌ಲೊಕೇಶನ್. ಸ್ನಾಯು ಅಥವಾ ಕೀಲು ಬಿಗಿದುಕೊಂಡು ಪೂರ್ತಿ ಚಾಚಲು ಬಾರದಿದ್ದರೆ ಕಾಂಟ್ರಾಕ್ಚರ್.

ಮೊಣಕಾಲು: 'ಜೆನು' ಎಂದರೆ ಮೊಣಕಾಲು. ಹಿಮ್ಮಡಿ ಜೋಡಿಸಿ ನಿಂತಾಗ ಮೊಣಕಾಲುಗಳ ನಡುವೆ ಸಂದು ಉಳಿದರೆ ಜೆನು ವೇರಮ್. ಮೊಣಕಾಲು ತಾಗಿ ಪಾದಗಳು ದೂರ ಉಳಿದರೆ ಜೆನು ವ್ಯಾಲ್ಗಮ್. ಸುಮಾರು ಎರಡು ವರ್ಷದವರೆಗೆ ಮೊದಲನೆಯದು, ಮೂರರಿಂದ ಐದು ವರ್ಷದಲ್ಲಿ ಎರಡನೆಯದು ಸಾಮಾನ್ಯ. ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಸರಿಹೋಗುತ್ತದೆ. ಒಂದೇ ಕಾಲು ಬಾಗಿದ್ದರೆ, ನೋವಿದ್ದರೆ, ಏಳೆಂಟು ವರ್ಷವಾದರೂ ಉಳಿದಿದ್ದರೆ ಅಥವಾ ಹೆಚ್ಚುತ್ತಿದ್ದರೆ ಡಾಕ್ಟರಿಗೆ ತೋರಿಸಿ. ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊರತೆಯಿಂದ ಬರುವ ರಿಕೆಟ್ಸ್ ಕಾರಣವಿರಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಅದೂ ಕಾರಣವಾಗಬಹುದು.

ಬೆನ್ನು: ಬೆನ್ನುಮೂಳೆ ಪಕ್ಕಕ್ಕೆ ಬಾಗಿದರೆ ಸ್ಕೋಲಿಯೋಸಿಸ್, ಗೂನಾದರೆ ಕೈಫೋಸಿಸ್. ಮಗುವನ್ನು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ. ಬೆನ್ನಿನ ಒಂದು ಬದಿ ಎತ್ತರವಾಗಿ ಕಂಡರೆ ತಪಾಸಣೆ ಬೇಕು.

ನಡಿಗೆ: ಚೀಟಿಯಲ್ಲಿ 'ಗೇಟ್' ಎಂದಿದ್ದರೆ ಅದು ಕಾಂಪೌಂಡಿನ ಗೇಟಲ್ಲ, ನಡಿಗೆ! ನೋವಿನ ಕಾಲಿನ ಮೇಲೆ ಭಾರ ಹಾಕದೆ ಬೇಗ ಎತ್ತಿಬಿಟ್ಟರೆ ಆಂಟಾಲ್ಜಿಕ್ ಗೇಟ್. ಕತ್ತರಿಯಂತೆ ಕಾಲು ಅಡ್ಡ ಬಂದರೆ ಸಿಸರ್ ಗೇಟ್; ಇದು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಕಾಣುತ್ತದೆ. ಮುಂಗಾಲು ಎತ್ತಲಾಗದೆ ಜೋತುಬಿದ್ದರೆ ಫುಟ್ ಡ್ರಾಪ್. ಕುಷ್ಠರೋಗದಿಂದ ನರಕ್ಕೆ ಪೆಟ್ಟಾದರೂ ಹೀಗಾಗುತ್ತದೆ, ತಡಮಾಡಬೇಡಿ.

ಸೊಟ್ಟ ಪಾದಕ್ಕೆ ಪೊನ್ಸೆಟಿ ಎಂಬ ವಿಧಾನವಿದೆ. ಹುಟ್ಟಿದ ಮೊದಲ ವಾರಗಳಲ್ಲೇ ಶುರುಮಾಡಿ, ಪಾದವನ್ನು ಮೆಲ್ಲಗೆ ತಿರುಗಿಸಿ, ವಾರಕ್ಕೊಂದರಂತೆ ಸಾಮಾನ್ಯವಾಗಿ ಐದಾರು ಪ್ಲಾಸ್ಟರ್ ಹಾಕುತ್ತಾರೆ. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ನರದಂತಿರುವ ಕಂಡರಕ್ಕೆ ಒಂದು ಸಣ್ಣ ಕೊಯ್ತ ಬೇಕಾಗುತ್ತದೆ. ನಂತರ ವಿಶೇಷ ಬೂಟು: ಮೊದಲ ಮೂರು ತಿಂಗಳು ಹೆಚ್ಚು ಕಡಿಮೆ ಇಡೀ ದಿನ, ಆಮೇಲೆ ಸುಮಾರು ನಾಲ್ಕು ವರ್ಷ ತುಂಬುವ ತನಕ ಮಲಗುವಾಗ. ಪಾದ ನೆಟ್ಟಗಾಯಿತೆಂದು ಬೂಟು ಬಿಟ್ಟರೆ ಮತ್ತೆ ಸೊಟ್ಟಗಾಗುತ್ತದೆ. ತಾಯಂದಿರು ಎಡವುವುದು ಇಲ್ಲೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೊಟ್ಟ ಪಾದವೂ, ಹುಟ್ಟಿನಿಂದ ಬರುವ ಸೊಂಟದ ಕೀಲಿನ ದೋಷವೂ ಸೇರಿವೆ. ತಪಾಸಣೆ, ಚಿಕಿತ್ಸೆ ಉಚಿತ. ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಚಿಕಿತ್ಸೆಯ ನಂತರವೂ ಊನ ಉಳಿದು ಶೇ. 40 ಅಥವಾ ಹೆಚ್ಚಿದ್ದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಮೀಸಲಾತಿ ಮುಂತಾದ ಸೌಲಭ್ಯಗಳಿವೆ.

ಕೊನೆಯದಾಗಿ ಎರಡು ಮಾತು. ಚೀಟಿ ಅರ್ಥವಾಗದಿದ್ದರೆ "ಡಾಕ್ಟ್ರೇ, ಕನ್ನಡದಲ್ಲಿ ಹೇಳಿ" ಎಂದು ಕೇಳಿ, ನಾಚಿಕೆ ಬೇಡ. ಮತ್ತೆ, ಈ ಪದಗಳೆಲ್ಲ ಕಾಲಿಗೆ, ಬೆನ್ನಿಗೆ ಇಟ್ಟ ಹೆಸರು. ಮಗುವಿಗೆ ಅದರದೇ ಹೆಸರಿದೆ. ಅದನ್ನೇ ಹಿಡಿದು ಕರೆಯಿರಿ.