ಮೀನಿನ ಊಟ, ಋತುವಿನ ಅಡಿಗೆ

ಋತುವಿಗೆ ತಕ್ಕ ಊಟವೆಂಬದು ನಮ್ಮ ಮನೆಗಳಲ್ಲಿ ಬಹು ಹಳೆಯ ಮಾತು. ಸಂಕ್ರಾಂತಿಗೆ ಎಳ್ಳು, ಯುಗಾದಿಗೆ ಬೇವು, ಬೇಸಿಗೆಗೆ ಮಜ್ಜಿಗೆ ಎಂದು ಹಿರಿಯರು ಗೊತ್ತುಮಾಡಿಟ್ಟಿರುವರು. ನೀರಿನಲ್ಲಿ ವಾಸಿಸುವ ಮೀನಿಗೂ ಇಂಥದೊಂದು ಪಂಚಾಂಗವುಂಟು. ಅದರ ತಿಥಿಗಳು ಹುಳುಗಳು. ಯಾವ ಹುಳು ಯಾವಾಗ ಹುಟ್ಟುವದು, ಯಾವಾಗ ಹಾರುವದು, ಯಾವಾಗ ನೀರಿಗೆ ಬೀಳುವದು ಎಂಬದನ್ನು ಅರಿತವನಿಗೇ ಗಾಳ ಫಲಿಸುವದು. ಗಾಳ ಹಾಕಬಾರದ ದಿನ ಯಾವದೆಂಬದೂ ಅದೇ ಪಂಚಾಂಗದಲ್ಲಿರುವದು.

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದುಮ್ಮವಾಡವನ್ನು ನೋಡಿರಿ. ಒಂದು ಕಡೆಗೆ ಬಯಲುಸೀಮೆ, ಇನ್ನೊಂದು ಕಡೆಗೆ ಮಲೆನಾಡಿನ ಸೆರಗು. ಈ ಊರಿನ ಸಮೀಪದಲ್ಲಿ 1950ರ ದಶಕದಲ್ಲಿ ಬೇಡ್ತಿಯ ನೀರಿಗೆ ಒಡ್ಡು ಹಾಕಿ ನೀರಸಾಗರವನ್ನು ಕಟ್ಟಿದರು. ಹುಬ್ಬಳ್ಳಿಯ ಜನರು ಕುಡಿದ ನೀರು ಇದು. ವೈಶಾಖ ಕಳೆದು ರೋಹಿಣಿಯ ಮಳೆ ನಾಲ್ಕು ಹನಿ ಬಿದ್ದ ಸಂಜೆ ಇಂಥ ನೀರಿನ ದಂಡೆಯಲ್ಲಿ ನಿಂತವರಿಗೆ ಈಸಲುಹುಳುಗಳ ಹಬ್ಬವು ಕಾಣುವದು. ಈಸಲುಹುಳುವೆಂದರೆ ರೆಕ್ಕೆ ಬಂದ ಗೆದ್ದಲೇ. ಹೊಸ ಗೂಡು ಕಟ್ಟುವದಕ್ಕಾಗಿ ಅವು ಹುತ್ತದ ಬಾಯಿಂದ ಹೊಗೆಯಂತೆ ಮೇಲೇಳುವವು. ಮನೆಯ ದೀಪಕ್ಕೆ ಮುತ್ತುವವು ಕೆಲವು. ಕಾಗೆ, ಕಪ್ಪೆ, ಹಲ್ಲಿಗಳ ಪಾಲಾಗುವವು ಹಲವು. ನೀರಿನ ಮೇಲೆ ಬಿದ್ದವುಗಳನ್ನು ಗೆಂಡೆಮೀನುಗಳು ಒಂದೊಂದಾಗಿ ನುಂಗುವವು. ಆಗ ನೀರಿನ ಮೇಲೆ ಉಂಗುರದ ಮೇಲೆ ಉಂಗುರ ಏಳುವದು. ಅಂಥ ಸಂಜೆ ಮೀನಿನ ಕಣ್ಣೆಲ್ಲ ಮೇಲ್ಗಡೆಗೆ. ತಳದಲ್ಲಿ ಬಿದ್ದ ಎರೆಹುಳವನ್ನು ಕೇಳುವವರು ಕಡಿಮೆ.

ಈಸಲುಹುಳುವಿನ ಹಬ್ಬ ಕೆಲವು ಸಂಜೆಗಳದು. ಮಳೆಗಾಲ ಇಳಿದು ದಂಡೆಯ ಹುಲ್ಲು ಬೆಳೆದ ಮೇಲೆ ಗಾಳಿಗೆ ಜಾರಿ ಬೀಳುವ ಮಿಡತೆಯ ಕಾಲ ಬರುವದು. ಚಳಿಗಾಲದ ತಿಳಿನೀರಿನಲ್ಲಿ ಗುಂಗುರುಗಳಂಥ ಸಣ್ಣ ಹುಳುಗಳ ಮರಿಗಳು ತಳದ ಕೆಸರಿನಿಂದ ಮೇಲೇರಿ ರೆಕ್ಕೆ ಪಡೆಯುವವು. ಒಂದೇ ಹುಳುವಾದರೂ ತಳದಲ್ಲಿ ಒಂದು ರೂಪ, ಏರುವಾಗ ಇನ್ನೊಂದು, ಹಾರುವಾಗ ಮತ್ತೊಂದು. ಯಾವ ರೂಪವು ಆಗ ವಿಪುಲವೋ ಅದನ್ನೇ ಮೀನು ಆರಿಸುವದು. ಸುಲಭವಾಗಿ ಸಿಕ್ಕುವ ಅನ್ನವನ್ನು ಬಿಟ್ಟು ಅಪರೂಪದ ಭಕ್ಷ್ಯವನ್ನು ಹುಡುಕುತ್ತ ಮೈ ದಣಿಸಿಕೊಳ್ಳುವದು ಅದರ ಸ್ವಭಾವವಲ್ಲ.

ಈ ಅರಿವನ್ನು ಶಾಸ್ತ್ರವಾಗಿ ಬೆಳೆಸಿದವರು ತಣ್ಣೀರಿನ ಟ್ರೌಟ್ ಮೀನನ್ನು ಹಿಡಿಯುವ ಆಂಗ್ಲರು. 1496ರಲ್ಲಿ ಅಚ್ಚಾದ ಅವರ ಒಂದು ಗ್ರಂಥದಲ್ಲಿಯೇ ತಿಂಗಳಿಗೆ ತಕ್ಕಂತೆ ಹನ್ನೆರಡು ಕೃತಕ ಹುಳುಗಳನ್ನು ಹೇಳಿರುವದು. ಸಣ್ಣ ಕೊಕ್ಕೆಗೆ ಉಣ್ಣೆ, ರೇಶಿಮೆ, ಹಕ್ಕಿಯ ಗರಿಗಳನ್ನು ಸುತ್ತಿ ಜೀವಂತ ಹುಳುವಿನ ಬಣ್ಣ, ಗಾತ್ರ, ಆಕಾರಗಳನ್ನು ತರುವರು. ಅದನ್ನು ನೀರಿನ ಮೇಲೆ ಸದ್ದಿಲ್ಲದೆ ಇಳಿಸುವರು. ಆಲ್ಫ್ರೆಡ್ ರೊನಾಲ್ಡ್ಸ್ ಎಂಬವನು 1836ರಲ್ಲಿ ನಿಜವಾದ ಹುಳುಗಳನ್ನೂ ಅವುಗಳ ಅನುಕರಣಗಳನ್ನೂ ಜೊತೆಜೊತೆಗೆ ಚಿತ್ರಿಸಿ ಪುಸ್ತಕ ಮಾಡಿದನು. ಟ್ರೌಟ್ ನಮ್ಮ ಕೆರೆಗಳ ಬಿಸಿನೀರಿನಲ್ಲಿ ಬದುಕಲಾರದು. ನೀಲಗಿರಿಯಂಥ ಕಡೆಗಳ ತಣ್ಣನೆಯ ಹೊಳೆಗಳಲ್ಲಿ ಅದನ್ನು ತಂದು ಬೆಳೆಸಿದರು.

ಆದರೆ ಈ ವಿದ್ಯೆಯು ಪರದೇಶದ್ದೇ ಎಂದು ತಿಳಿಯಲಾಗದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಉಂಟು. ಮೀನಿನ ಜಾತಿಗಳು, ಅವುಗಳ ನೆಲೆ, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದ ಕೋಲು, ದಾರ ಎಲ್ಲವೂ ಅಲ್ಲಿ ಬಂದಿರುವವು. ಮೀನನ್ನು ಹಿಡಿಯುವ ಮೊದಲು ಅದರ ಊಟವನ್ನು ತಿಳಿಯಬೇಕೆಂಬ ನೀತಿಯು ನಮ್ಮ ನಾಡಿನ ಅರಮನೆಯಲ್ಲಿ ಆಗಲೇ ಶಾಸ್ತ್ರವಾಗಿತ್ತು.

ಇನ್ನು ಮುಖ್ಯ ಮಾತಿಗೆ ಬರೋಣ. ಇಂಗ್ಲಂಡಿನ ಟ್ರೌಟ್ ತತ್ತಿಯಿಡುವದು ಚಳಿಗಾಲದಲ್ಲಿ. ಹುಳುಗಳು ಹೇರಳವಾಗಿ ಹಾರುವದು ವಸಂತ ಗ್ರೀಷ್ಮಗಳಲ್ಲಿ. ಹೀಗಾಗಿ ಅಲ್ಲಿ ಹುಳುವಿನ ಹಬ್ಬದಲ್ಲಿ ಗಾಳ ಹಾಕಿದವನು ಮೀನಿನ ಸಂತತಿಗೆ ಅಡ್ಡಬರುವದಿಲ್ಲ. ತತ್ತಿಯ ಕಾಲದಲ್ಲಿ ಅವರು ಗಾಳವನ್ನು ಕಟ್ಟಿಡುವರು. ನಮ್ಮಲ್ಲಿ ಹಾಗಲ್ಲ. ಈಸಲುಹುಳುವನ್ನು ಎಬ್ಬಿಸುವ ಮುಂಗಾರಿನ ಮಳೆಯೇ ಮೀನಿಗೂ ಬಸಿರಿನ ಕರೆ. ಹಳ್ಳಗಳಿಗೆ ಕೆಂಪುನೀರು ಬಂದೊಡನೆ ಹಲವು ಜಾತಿಯ ಮೀನುಗಳು ತತ್ತಿ ತುಂಬಿದ ಒಡಲಿನಿಂದ ಪ್ರವಾಹಕ್ಕೆ ಎದುರಾಗಿ ಏರುವವು. ಮಲೆನಾಡಿನಲ್ಲಿ ಇವುಗಳಿಗೆ ಹತ್ತುಮೀನು ಎನ್ನುವರು. ಮೀನು ಬಹು ಸುಲಭವಾಗಿ ಕೈಗೆ ಸಿಕ್ಕುವ ಕಾಲವೂ, ಅದನ್ನು ಅವಶ್ಯವಾಗಿ ಬಿಡಬೇಕಾದ ಕಾಲವೂ ಇಲ್ಲಿ ಒಂದೇ ಆಗಿರುವದು. ಒಂದು ತಾಯಿಮೀನನ್ನು ಹಿಡಿದವನು ಅದರೊಡನೆ ಸಾವಿರಾರು ತತ್ತಿಗಳನ್ನೂ ಕೊಂಡೊಯ್ಯುವನು. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರಸಾಗರವೇ ಬತ್ತಿದ್ದುಂಟು. ಅಂಥ ನೀರು ಮತ್ತೆ ತುಂಬಿದಾಗ ಹಳ್ಳದಿಂದ ಬರುವ ಮರಿಗಳೇ ಅದಕ್ಕೆ ಬೀಜವಲ್ಲವೆ?

ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಗಾಳದ ವಿನೋದವನ್ನು ಕುರಿತು 1873ರಲ್ಲಿ ಮಂಗಳೂರಿನಲ್ಲಿಯೇ ಗ್ರಂಥವನ್ನು ಅಚ್ಚುಮಾಡಿಸಿದರು. 1887ರಲ್ಲಿ ಕೆರೆಯ ಮೀನುಗಳನ್ನು ಕುರಿತು ಇನ್ನೊಂದನ್ನು ಹೊರತಂದರು. ಗಾಳದ ಪರಮ ಪ್ರೇಮಿಯಾದ ಇವರೇ ಮೀನಿನ ಮರಿಗಳ ನಾಶವನ್ನು ತಡೆಯಬೇಕೆಂದು ವಾದಿಸಿದರು. ಮುಂದೆ 1897ರ ಭಾರತೀಯ ಮೀನುಗಾರಿಕೆಯ ಕಾಯಿದೆಯು ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಕೊಲ್ಲುವದನ್ನು ನಿಷೇಧಿಸಿತು. ಆದರೆ ತತ್ತಿಯ ಮೀನನ್ನು ಉಳಿಸುವದು ಕಾಯಿದೆಗಿಂತ ಹೆಚ್ಚಾಗಿ ದಂಡೆಯಲ್ಲಿ ನಿಂತವನ ವಿವೇಕಕ್ಕೆ ಸೇರಿದ ಮಾತು.

ಆದುದರಿಂದ ವಾಚಕರಲ್ಲಿ ಒಂದು ಸೂಚನೆ. ಮುಂಗಾರಿನ ಆ ಸಂಜೆಗಳಲ್ಲಿ ಗಾಳವನ್ನು ಮನೆಯ ಜಂತಿಗೆ ಸಿಕ್ಕಿಸಿ, ಮಕ್ಕಳನ್ನು ಕರೆದುಕೊಂಡು ಕೆರೆಯ ದಂಡೆಗೆ ಹೋಗಿರಿ. ಯಾವ ಹುಳು ಬಿದ್ದಿತು, ಯಾವ ಮೀನು ಎದ್ದಿತು ಎಂಬದನ್ನು ಅವರಿಂದ ಬರೆಯಿಸಿರಿ. ಮಳೆ ನಿಂತು ನೀರು ತಿಳಿಯಾದ ಮೇಲೆ ಹಳ್ಳದ ಕಲ್ಲೊಂದನ್ನು ಎತ್ತಿ ತೋರಿಸಿರಿ. ಹಲವು ಬಗೆಯ ಹುಳುಮರಿಗಳು ಅದಕ್ಕೆ ಅಂಟಿಕೊಂಡಿದ್ದರೆ ನೀರು ಆರೋಗ್ಯವಾಗಿರುವದರ ಒಳ್ಳೆಯ ಗುರುತು ಅದು. ಮಿಡತೆಯ ಕಾಲಕ್ಕೆ ಗಾಳ ಹಿಡಿಯುವದಕ್ಕೆ ಅಡ್ಡಿಯಿಲ್ಲ. ಆಗ ಮರಿಗಳೂ ಹಳ್ಳದಿಂದ ಇಳಿದು ಕೆರೆಯನ್ನು ಸೇರಿರುವವು.