ಕಾಪಿಟ್ಟ ಪ್ರತಿ ಕೈಗೆ ಬಂದೀತೇ?

ಮಗ್ಗದ ಮನೆಯಲ್ಲಿ ಬೆಳೆದವರಿಗೆ ಜಕಾರ್ಡ್ ಕಾರ್ಡುಗಳ ಬೆಲೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ತೂತು ಹಾಕಿದ ಆ ರಟ್ಟಿನ ಸಾಲಿನಲ್ಲಿಯೇ ಸೀರೆಯ ಅಂಚು, ಸೆರಗು, ಬುಟ್ಟಾಗಳೆಲ್ಲವೂ ಅಡಗಿರುತ್ತವೆ. ಕಾರ್ಡುಗಳು ಹಾಳಾದರೆ, ಮಗ್ಗ ಗಟ್ಟಿಯಾಗಿದ್ದರೂ, ನೂಲು ಸಿದ್ಧವಾಗಿದ್ದರೂ, ನೇಕಾರನ ಕೈ ಪಳಗಿದ್ದರೂ ಆ ವಿನ್ಯಾಸ ಮಾತ್ರ ಮತ್ತೆ ಮೂಡದು. ಚೌಕಳಿ ಕಾಗದದ ಮೇಲೆ ಬರೆದ ಮೂಲ ನಕ್ಷೆ ಬೇರೊಂದೆಡೆ ಭದ್ರವಾಗಿದ್ದರೆ ಹೊಸ ಕಾರ್ಡುಗಳನ್ನು ಕೊರೆಯಿಸಬಹುದು. ಇಲ್ಲವಾದರೆ ಹಳೆಯ ಸೀರೆಯೊಂದನ್ನು ಹುಡುಕಿ ತಂದು ಎಳೆ ಎಣಿಸುತ್ತ ಕೂರಬೇಕು. ಇಂದು ನಮ್ಮ ವ್ಯವಹಾರದ ಪತ್ರಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿರುವ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೂ ಇದೇ ಮಾತು ಸಲ್ಲುತ್ತದೆ.

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ, ಒಕ್ಕಲಿಗ ಮುಂತಾದ ಕುಟುಂಬಗಳು ತಲೆತಲಾಂತರದಿಂದ ನೆಲೆಸಿವೆ. ಮಗ್ಗವನ್ನೂ ಬೇಸಾಯವನ್ನೂ ನೆಚ್ಚಿದ್ದ ಈ ಮನೆಗಳ ಎಷ್ಟೋ ಮಕ್ಕಳು ಇಂದು ತಿರುಪ್ಪೂರಿನ ಬನಿಯನ್ ಉದ್ಯಮದಲ್ಲಿದ್ದಾರೆ. ಕೆಲವರು ಒಡೆಯರಾಗಿ, ಹಲವರು ಲೆಕ್ಕ ಬರೆಯುವವರಾಗಿ, ಪರದೇಶದ ಖರೀದಿದಾರರೊಡನೆ ಪತ್ರವ್ಯವಹಾರ ನಡೆಸುವವರಾಗಿ. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಅದಕ್ಕೆ ಬಹು ಮೊದಲೇ, 1990ರಲ್ಲಿ, ಅಲ್ಲಿನ ರಫ್ತುದಾರರು ತಮ್ಮದೇ ಸಂಘವನ್ನು ಕಟ್ಟಿಕೊಂಡಿದ್ದರು. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತ ಮೇಲೆ, ಟೆಲೆಕ್ಸ್ ಮತ್ತು ಫ್ಯಾಕ್ಸ್‌ಗಳು ಮಾಡುತ್ತಿದ್ದ ಕೆಲಸವನ್ನು ಇ-ಮೇಲ್ ಕ್ರಮಕ್ರಮವಾಗಿ ವಹಿಸಿಕೊಂಡಿತು.

ಒಂದು ಸಾಮಾನ್ಯ ಟೀ-ಶರ್ಟಿನ ಆರ್ಡರಿನ ಹಿಂದೆ ಎಷ್ಟು ಪತ್ರಗಳಿರುತ್ತವೆಂಬುದನ್ನು ಹೊರಗಿನವರು ಊಹಿಸಲಾರರು. ಬಣ್ಣದ ಮಾದರಿ ತುಂಡಿಗೆ ಖರೀದಿದಾರನ ಒಪ್ಪಿಗೆ, ಅಳತೆಯ ಪಟ್ಟಿ, ಅದರ ತಿದ್ದುಪಡಿ, ಹಡಗಿಗೇರಿಸುವ ದಿನಾಂಕ, ಬ್ಯಾಂಕಿನ ಸಾಲಪತ್ರದ ಬದಲಾವಣೆ - ಇವೆಲ್ಲವೂ ಇ-ಮೇಲಿನಲ್ಲಿಯೇ ನಡೆಯುತ್ತವೆ. ಸರಕು ತಲುಪಿದ ಬಳಿಕ 'ಬಣ್ಣ ನಾವು ಒಪ್ಪಿದ್ದಲ್ಲ' ಎಂದು ಖರೀದಿದಾರ ಹಣ ಕಡಿತಗೊಳಿಸಿದರೆ, ಆರು ತಿಂಗಳ ಹಿಂದೆ ಬಂದ ಎರಡು ಸಾಲಿನ ಒಪ್ಪಿಗೆಯ ಪತ್ರವೇ ನಮ್ಮ ಪಾಲಿನ ಸಾಕ್ಷಿ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಇಂತಹ ದಾಖಲೆಗೆ ಮಾನ್ಯತೆ ನೀಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಮುದ್ರಿಸಿದ ಪ್ರತಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಅದು ಯಾವ ಯಂತ್ರದಿಂದ, ಹೇಗೆ ಬಂದಿತೆಂಬ ಪ್ರಮಾಣಪತ್ರವೂ ಜೊತೆಗಿರಬೇಕು. ಆದುದರಿಂದ ಕಾಗದಕ್ಕೆ ಮುದ್ರಿಸಿಟ್ಟರೆ ಸಾಕೆಂದು ಕೂರುವಂತಿಲ್ಲ. ಮೂಲಪತ್ರ ಕಂಪ್ಯೂಟರಿನಲ್ಲಿ ಉಳಿದಿರುವುದು ಅಗತ್ಯ.

ಡಿಸ್ಕ್ ಏಕೆ ಕೆಡುತ್ತದೆ?

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಗಲದ ಪೆಟ್ಟಿಗೆಯಲ್ಲಿ ಅದರ ಲಕ್ಷಾಂತರ ಪಟ್ಟು ಹಿಡಿಯುತ್ತದೆ. ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವಾಗ, ಓದುವ ಮೊನೆ ಅದನ್ನು ಮುಟ್ಟದೆ, ಕೂದಲೆಳೆಯ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಮೊನೆ ತಟ್ಟೆಗೆ ತಗುಲಿತೆಂದರೆ ಬರಹ ಕೆರೆದುಹೋಗುತ್ತದೆ.

ನಮ್ಮ ಪ್ರದೇಶದಲ್ಲಿ ಇದಕ್ಕೆ ಎರಡು ಕಾರಣಗಳು ವಿಶೇಷವಾಗಿ ಸೇರಿಕೊಳ್ಳುತ್ತವೆ. ಮೊದಲನೆಯದು, ಹೇಳದೆ ಹೋಗುವ ವಿದ್ಯುತ್ತು. 2012ರ ಆಸುಪಾಸಿನಲ್ಲಿ ದಿನಕ್ಕೆ ಹಲವು ಗಂಟೆ ಕತ್ತಲಲ್ಲಿದ್ದ ಕೊಯಮತ್ತೂರು, ತಿರುಪ್ಪೂರುಗಳ ನೆನಪು ಇನ್ನೂ ಮಾಸಿಲ್ಲ. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಕಡತ ಅರ್ಧಕ್ಕೇ ನಿಲ್ಲುತ್ತದೆ. ಎರಡನೆಯದು, ಹೆಣಿಗೆ ಯಂತ್ರಗಳ ಸುತ್ತ ಸದಾ ಹಾರಾಡುವ ಹತ್ತಿಯ ಧೂಳು. ಅದು ಮುಚ್ಚಿದ ಡಿಸ್ಕಿನೊಳಗೆ ನುಗ್ಗದಿದ್ದರೂ ಕಂಪ್ಯೂಟರಿನ ಬೀಸಣಿಗೆಗೆ ಮೆತ್ತಿಕೊಂಡು ಗಾಳಿಯನ್ನು ತಡೆದು ಪೆಟ್ಟಿಗೆಯನ್ನು ಕಾಯಿಸುತ್ತದೆ. ಯುಪಿಎಸ್ ಒಂದನ್ನು ಇಟ್ಟುಕೊಂಡು ಬೀಸಣಿಗೆಯನ್ನು ಆಗಾಗ ಶುಚಿಗೊಳಿಸಿದರೆ ಆಯುಷ್ಯ ಹೆಚ್ಚೀತು. ಆದರೆ ಎಂದೂ ಕೆಡದ ಡಿಸ್ಕ್ ಇಲ್ಲ. ತಿರುಗುವ ಭಾಗವೇ ಇಲ್ಲದ ಹೊಸ ಬಗೆಯ ಎಸ್‌ಎಸ್‌ಡಿ ಸಹ, ಸದ್ದಿಲ್ಲದೆ, ಮುನ್ಸೂಚನೆಯಿಲ್ಲದೆ ನಿಂತುಬಿಡಬಹುದು.

ಡಿಸ್ಕಿನಿಂದ 'ಟಕ್ ಟಕ್' ಎಂಬ ಸದ್ದು ಕೇಳಿದೊಡನೆ ಯಂತ್ರವನ್ನು ಆರಿಸಬೇಕು. ಮತ್ತೆ ಮತ್ತೆ ಚಾಲೂ ಮಾಡಿ ನೋಡುವುದು, ಬಿಚ್ಚಿ ನೋಡುವುದು, ಅದೇ ಡಿಸ್ಕಿನ ಮೇಲೆ ಹೊಸ ತಂತ್ರಾಂಶವನ್ನು ಹಾಕುವುದು - ಇವು ಮೂರೂ ಉಳಿದದ್ದನ್ನೂ ಅಳಿಸುವ ದಾರಿಗಳು.

ಪತ್ರಗಳು ಇರುವುದೆಲ್ಲಿ?

ಪತ್ರಗಳನ್ನು ಮರಳಿ ಪಡೆಯುವ ಮುನ್ನ ಅವು ಎಲ್ಲಿದ್ದವೆಂಬುದನ್ನು ತಿಳಿಯಬೇಕು. ಐಮ್ಯಾಪ್ ಎಂಬ ಪದ್ಧತಿಯಲ್ಲಿ ಮೂಲಪತ್ರ ದೂರದ ಸರ್ವರಿನಲ್ಲಿದ್ದು, ನಮ್ಮ ಯಂತ್ರದಲ್ಲಿರುವುದು ಅದರ ನೆರಳು. ಹೊಸ ಕಂಪ್ಯೂಟರಿನಲ್ಲಿ ಖಾತೆಯನ್ನು ತೆರೆದರೆ ಫೋಲ್ಡರುಗಳು ತಾವಾಗಿಯೇ ಇಳಿದು ಬರುತ್ತವೆ. ಪಾಪ್ ಎಂಬ ಹಳೆಯ ಪದ್ಧತಿಯಲ್ಲಾದರೋ, ಪತ್ರ ನಮ್ಮ ಯಂತ್ರಕ್ಕೆ ಇಳಿದ ಮೇಲೆ ಸರ್ವರಿನಿಂದ ತೆಗೆದುಹಾಕುವಂತೆ ಏರ್ಪಡಿಸಿರುವುದೇ ಹೆಚ್ಚು. ಇದರಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ: ಪಾಪ್ ಪದ್ಧತಿಯಲ್ಲಿ ಬಂದ ಪತ್ರಗಳ ಮಾತು ಹಾಗಿರಲಿ, ನಾವು ಕಳುಹಿಸಿದ ಪತ್ರಗಳು ಸಾಮಾನ್ಯವಾಗಿ ನಮ್ಮ ಡಿಸ್ಕಿನಲ್ಲಿ ಮಾತ್ರ ಇರುತ್ತವೆ. ಅಂದರೆ ನಾವು ಒಪ್ಪಿದ ಬೆಲೆ, ನಾವು ಕೊಟ್ಟ ಮಾತು, ಎಲ್ಲವೂ ಆ ಒಂದು ಡಿಸ್ಕಿನೊಡನೆ ಹೋಗುತ್ತವೆ.

ಮರಳಿ ಕೂರಿಸುವ ಕ್ರಮ

ಬ್ಯಾಕಪ್ ಪ್ರತಿ ಕೈಯಲ್ಲಿದೆಯೆಂದು ಭಾವಿಸೋಣ. ಮೊದಲು ಆ ಪ್ರತಿಗೆ ಇನ್ನೊಂದು ಪ್ರತಿ ಮಾಡಿ, ಕೆಲಸವನ್ನೆಲ್ಲ ಎರಡನೆಯದರ ಮೇಲೆಯೇ ನಡೆಸಬೇಕು. ಇರುವ ಒಂದೇ ಪ್ರತಿಯೊಡನೆ ಪ್ರಯೋಗ ಸಲ್ಲದು. ಹಳೆಯ ಫೋಲ್ಡರನ್ನು ಹೊಸದರ ಮೇಲೆ ಹೇರಲೂ ಬಾರದು. ಹಾಗೆ ಮಾಡಿದರೆ ಡಿಸ್ಕ್ ಕೆಟ್ಟ ಬಳಿಕ ಬಂದ ಪತ್ರಗಳು ಅಳಿಸಿಹೋಗುತ್ತವೆ.

ಥಂಡರ್‌ಬರ್ಡ್ ಬಳಸುವವರಿಗೆ ಕೆಲಸ ಸುಲಭ. ಅದರಲ್ಲಿ ಸಾಮಾನ್ಯವಾಗಿ ಒಂದೊಂದು ಫೋಲ್ಡರೂ ಒಂದೊಂದು ಕಡತ. 'ಇನ್‌ಬಾಕ್ಸ್' ಎಂಬ ಬಾಲವಿಲ್ಲದ ಹೆಸರಿನ ಕಡತದಲ್ಲಿ ಪತ್ರಗಳೆಲ್ಲ ಒಂದರ ಕೆಳಗೊಂದು ಪೋಣಿಸಿಕೊಂಡಿರುತ್ತವೆ. ಪಕ್ಕದಲ್ಲಿ 'ಎಂಎಸ್‌ಎಫ್' ಎಂಬ ಬಾಲವಿರುವುದು ಅದರ ವಿಷಯಸೂಚಿ ಮಾತ್ರ. ಹೊಸ ಯಂತ್ರದಲ್ಲಿ ತಂತ್ರಾಂಶವನ್ನು ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರಿನೊಳಗಿನ 'ಮೇಲ್', ಅದರೊಳಗಿನ 'ಲೋಕಲ್ ಫೋಲ್ಡರ್ಸ್' ಎಂಬಲ್ಲಿಗೆ ಹಳೆಯ ಕಡತವನ್ನು 'ಹಳೆಯ ಇನ್‌ಬಾಕ್ಸ್' ಎಂಬಂತಹ ಬೇರೆ ಹೆಸರಿನಿಂದ ನಕಲಿಸಬೇಕು. ವಿಷಯಸೂಚಿಯನ್ನು ತರಬೇಕಾಗಿಲ್ಲ. ಉಪಫೋಲ್ಡರುಗಳು 'ಎಸ್‌ಬಿಡಿ' ಎಂಬ ಬಾಲದ ಕೋಶದಲ್ಲಿರುವುದರಿಂದ, ಆ ಕೋಶಕ್ಕೂ ಅದೇ ಹೊಸ ಹೆಸರಿಟ್ಟು ಜೊತೆಗೆ ತರಬೇಕು. ತಂತ್ರಾಂಶವನ್ನು ತೆರೆದೊಡನೆ ಹಳೆಯ ಫೋಲ್ಡರು ಕಾಣಿಸಿಕೊಂಡು, ವಿಷಯಸೂಚಿ ಹೊಸದಾಗಿ ಸಿದ್ಧವಾಗುತ್ತದೆ.

ಔಟ್‌ಲುಕ್ ಬಳಸುವವರ ಪತ್ರಗಳೆಲ್ಲ 'ಪಿಎಸ್‌ಟಿ' ಎಂಬ ಒಂದೇ ದೊಡ್ಡ ಕಡತದಲ್ಲಿರುತ್ತವೆ. ಅದನ್ನು ಪ್ರತ್ಯೇಕ ಕಡತವಾಗಿ ತೆರೆದು ಬೇಕಾದ ಫೋಲ್ಡರುಗಳನ್ನು ಸಾಗಿಸಿಕೊಳ್ಳಬಹುದು. ಕಡತ ಕೆಟ್ಟಿದೆಯೆಂಬ ಸೂಚನೆ ಬಂದರೆ, 'ಸ್ಕ್ಯಾನ್‌ಪಿಎಸ್‌ಟಿ' ಎಂಬ ದುರಸ್ತಿಯ ಸಾಧನ ಔಟ್‌ಲುಕ್ಕಿನ ಜೊತೆಗೇ ಬಂದಿರುತ್ತದೆ. 2002ರವರೆಗಿನ ಔಟ್‌ಲುಕ್ಕಿನಲ್ಲಿ ಈ ಕಡತ 2 ಗಿಗಾಬೈಟ್ ಮೀರುವಂತಿರಲಿಲ್ಲ; ಮೀರಿ ಬೆಳೆದ ಹಳೆಯ ಕಡತಗಳು ತೆರೆಯದೆ ಹೋಗುವುದುಂಟು. ತಂತ್ರಾಂಶ ತೆರೆದಿರುವಾಗಲೇ ತೆಗೆದ ಪ್ರತಿಯೂ ಅನೇಕ ವೇಳೆ ಅಪೂರ್ಣವಾಗಿರುತ್ತದೆ. 'ಓಎಸ್‌ಟಿ' ಎಂಬ ಇನ್ನೊಂದು ಕಡತವಿದೆ. ಅದು ಸರ್ವರಿನ ನೆರಳಷ್ಟೆ, ಬ್ಯಾಕಪ್ ಎಂದು ಅದನ್ನು ನೆಚ್ಚಬಾರದು. ವಿಂಡೋಸ್ ಎಕ್ಸ್‌ಪಿ ಕಾಲದ ಔಟ್‌ಲುಕ್ ಎಕ್ಸ್‌ಪ್ರೆಸ್ಸಿನ 'ಡಿಬಿಎಕ್ಸ್' ಕಡತಗಳಾದರೆ, ಹಳೆಯ ಎಕ್ಸ್‌ಪಿ ಯಂತ್ರವೊಂದನ್ನು ಹುಡುಕಿ ಅದರಲ್ಲಿ ತೆರೆದು, 'ಇಎಂಎಲ್' ಎಂಬ ಬಿಡಿಪತ್ರಗಳಾಗಿ ಹೊರತೆಗೆಯುವುದು ಒಂದು ಮಾರ್ಗ.

ಫೋಲ್ಡರು ಕಂಡಿತೆಂದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನಲಾಗದು. ಅತ್ಯಂತ ಹಳೆಯ ಪತ್ರವನ್ನೂ ಅತ್ಯಂತ ಹೊಸ ಪತ್ರವನ್ನೂ ತೆರೆದು ನೋಡಬೇಕು. ಲಗತ್ತಿಸಿದ ಚಿತ್ರ, ಅಳತೆಯ ಪಟ್ಟಿಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸಬೇಕು. ಕಳುಹಿಸಿದ ಪತ್ರಗಳ ಫೋಲ್ಡರು ಬಂದಿದೆಯೇ ಎಂದು ಮರೆಯದೆ ನೋಡಬೇಕು.

ಕನ್ನಡ ಪತ್ರಗಳ ವಿಶೇಷ ಸಂಕಟ

ಗಡಿಯಾಚೆಯ ಕನ್ನಡಿಗರಾದ ನಮಗೆ ಇನ್ನೊಂದು ತೊಡಕೂ ಉಂಟು. ಪರವೂರಿನಲ್ಲಿರುವ ಮಕ್ಕಳು, ಬೆಂಗಳೂರಿನ ಬಂಧುಗಳು, ಸಮಾಜದ ಹಿರಿಯರು ಬರಹ ಅಥವಾ ನುಡಿ ತಂತ್ರಾಂಶದಲ್ಲಿ ಕನ್ನಡ ಪತ್ರ ಬರೆದು ಕಳುಹಿಸಿದ ಕಾಲವೊಂದಿತ್ತು. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ ಫಾಂಟುಗಳೇ ಗತಿಯಾಗಿದ್ದವು. ಆ ಫಾಂಟು ಪತ್ರದ ಒಳಗಿರಲಿಲ್ಲ. ಕೆಟ್ಟ ಡಿಸ್ಕಿನ ಬೇರೊಂದು ಮೂಲೆಯಲ್ಲಿತ್ತು. ಆದುದರಿಂದ ಬ್ಯಾಕಪ್ಪಿನಿಂದ ಪತ್ರ ಸುರಕ್ಷಿತವಾಗಿ ಬಂದರೂ ತೆರೆದಾಗ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ ಕಾಣುತ್ತದೆ. ಗಾಬರಿಗೊಂಡು ಅಳಿಸಬಾರದು. ಹಳೆಯ ಫಾಂಟನ್ನು ಮತ್ತೆ ಸ್ಥಾಪಿಸಿದರೆ, ಅಥವಾ ಬರಹ, ನುಡಿಗಳಲ್ಲಿಯೇ ಇರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿದರೆ, ಅಜ್ಜ ಬರೆಸಿದ ಆಶೀರ್ವಾದದ ಸಾಲುಗಳು ಮತ್ತೆ ಕಣ್ಣ ಮುಂದೆ ನಿಲ್ಲುತ್ತವೆ. ಶಾಲೆಯಲ್ಲಿ ತಮಿಳು ಕಲಿತು ಮನೆಯಲ್ಲಿ ಕನ್ನಡವಾಡುವ ನಮ್ಮ ಮಕ್ಕಳ ಪಾಲಿಗೆ ಆ ಪತ್ರಗಳು ಮನೆಮಾತಿನ ಲಿಖಿತ ರೂಪದ ಕೆಲವೇ ಕುರುಹುಗಳಲ್ಲಿ ಸೇರಿದವು.

ಇದ್ದೂ ಇಲ್ಲವಾದ ಪ್ರತಿ

ದೊಡ್ಡವರಿಗೂ ಈ ವಿಪತ್ತು ತಪ್ಪಿದ್ದಲ್ಲ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳು ತಪ್ಪು ಆಜ್ಞೆಯೊಂದರಿಂದ ಅಳಿಸಿಹೋದವು. ಬ್ಯಾಕಪ್ ಇದೆಯೆಂದು ಎಲ್ಲರೂ ನಂಬಿದ್ದರು. ತೆಗೆದು ನೋಡಿದಾಗ ಅದು ಸರಿಯಾಗಿ ನಡೆದೇ ಇರಲಿಲ್ಲವೆಂದು ತಿಳಿಯಿತು. ಕೂಸಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಅಂದು ಅವರ ಕೈ ಹಿಡಿಯಿತು. 2011ರ ಫೆಬ್ರವರಿಯಲ್ಲಿ ಜಿಮೇಲ್ ಬಳಕೆದಾರರಲ್ಲಿ ಶೇಕಡಾ 0.02ರಷ್ಟು ಮಂದಿಯ ಪೆಟ್ಟಿಗೆಗಳು ತಂತ್ರಾಂಶದ ದೋಷದಿಂದ ಬರಿದಾದವು. ಬೇರೆ ಬೇರೆ ಕಡೆಗಳಲ್ಲಿದ್ದ ಪ್ರತಿಗಳಿಗೂ ಆ ದೋಷ ತಟ್ಟಿತ್ತು. ಜಾಲಕ್ಕೆ ಸೇರದೆ ಪ್ರತ್ಯೇಕವಾಗಿಟ್ಟ ಟೇಪುಗಳಿಂದ ಪತ್ರಗಳನ್ನು ಮರಳಿಸಬೇಕಾಯಿತು. ಸರ್ವರಿನಲ್ಲಿದೆ, ಚಿಂತೆಯಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಬಲ್ಲವರು ಹೇಳುವ ನಿಯಮ ಸರಳವಾಗಿದೆ: 3 ಪ್ರತಿಗಳು, 2 ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಬೇರೆ ಊರಿನಲ್ಲಿ. ತಿರುಪ್ಪೂರಿನ ಕಚೇರಿಯ ಒಂದು ಪ್ರತಿ, ಗುಪ್ತಪದದ ರಕ್ಷಣೆಯೊಡನೆ, ಕೊಯಮತ್ತೂರಿನ ಬಂಧುಗಳ ಮನೆಯ ಬೀರುವಿನಲ್ಲಿದ್ದರೆ ಬೆಂಕಿ, ನೀರು, ಕಳ್ಳತನಗಳ ಭಯ ಅಷ್ಟರಮಟ್ಟಿಗೆ ದೂರ. ಪ್ರತಿ ತೆಗೆದ ಬಳಿಕ ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡಬೇಕು. ಸದಾ ಸೇರಿಸಿಟ್ಟರೆ ಮೂಲಕ್ಕೆ ತಗಲುವ ಕೇಡು ಪ್ರತಿಗೂ ತಗಲುತ್ತದೆ.

ಆದರೆ ಇವೆಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ಒಮ್ಮೆಯೂ ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಕರೆಯಲಾಗದು. ಆಯುಧಪೂಜೆಗೆ ನಾವು ಮಗ್ಗ, ಹೊಲಿಗೆಯಂತ್ರ, ವಾಹನಗಳನ್ನು ತೊಳೆದು ಒರೆಸಿ ಎಣ್ಣೆ ಹಾಕಿ ಅಣಿಗೊಳಿಸುತ್ತೇವೆ. ಈಚೆಗೆ ಕಂಪ್ಯೂಟರಿಗೂ ಕುಂಕುಮವಿಡುತ್ತೇವೆ. ಅದರ ಹಿಂದಿನ ದಿನ ಬೀರುವಿನಲ್ಲಿಟ್ಟ ಡಿಸ್ಕನ್ನು ಹೊರತೆಗೆದು, ಬೇರೊಂದು ಯಂತ್ರದಲ್ಲಿ ಒಂದು ಫೋಲ್ಡರನ್ನಾದರೂ ಮರಳಿ ಕೂರಿಸಿ, ನಾಲ್ಕು ಪತ್ರಗಳನ್ನು ಓದಿ ನೋಡುವ ಪದ್ಧತಿಯನ್ನು ಪ್ರತಿ ಮನೆಯೂ ಪ್ರತಿ ಕಚೇರಿಯೂ ಇಟ್ಟುಕೊಳ್ಳಲಿ. ಒಂದು ಗಂಟೆಯ ಕೆಲಸ. ಮನೆಯ ಕಿರಿಯರಿಗೆ ಒಪ್ಪಿಸಿದರೆ ಅವರು ಕಲಿತಂತೆಯೂ ಆಗುತ್ತದೆ, ಹಿರಿಯರು ಬರೆದ ಪತ್ರಗಳು ಅವರ ಕಣ್ಣಿಗೆ ಬಿದ್ದಂತೆಯೂ ಆಗುತ್ತದೆ.