ಹೃದಯದ ತೊಂದರೆ ಇರುವ ಮಗು ಓಡಬಹುದೇ?



ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿದ್ದ ಹುಡುಗನಿದ್ದನು. ಶಸ್ತ್ರಚಿಕಿತ್ಸೆಯಾಗಿ ರಂಧ್ರ ಮುಚ್ಚಿತು. ಆದರೂ ಮೂರು ವರ್ಷ ಅವನು ಕಟ್ಟೆಯ ಮೇಲೆ ಕುಳಿತು ಓರಿಗೆಯವರ ಆಟ ನೋಡುತ್ತಿದ್ದನು. "ಓಡಬ್ಯಾಡಪಾ, ಸುಮ್ನ ಕೂಡು" ಎಂದು ಅಜ್ಜಿ ತಡೆಯುತ್ತಿದ್ದರು. ಮನೆಭೇಟಿಗೆ ಹೋದಾಗ ನಾವೂ "ಅಜ್ಜಿಯ ಮಾತು ಕೇಳು" ಎಂದೆವು. ವೈದ್ಯರನ್ನು ಕೇಳದೆ ಹಾಗೆ ಹೇಳಿದ್ದು ನಮ್ಮ ತಪ್ಪು.

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಇಂಥ ಜನ್ಮಜಾತ ಹೃದಯದೋಷ ಇರುತ್ತದೆ. 2007ರ ಏಪ್ರಿಲ್‌ನಲ್ಲಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದ ಮೂರು ಜಿಲ್ಲೆಗಳಲ್ಲಿ ಅಂದಿನ ಮಹಬೂಬ್‌ನಗರವೂ ಒಂದು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಆಗ ಅದರಲ್ಲೇ ಇದ್ದವು. ಬಡ ರೈತನ ಮಗುವಿಗೂ ಹೃದಯದ ಶಸ್ತ್ರಚಿಕಿತ್ಸೆ ಕೈಗೆಟುಕಿತು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮಗು ಮುಂದೆ ಎಷ್ಟು ನಡೆಯಬೇಕು, ಎಷ್ಟು ಆಡಬೇಕು ಎಂಬುದನ್ನು ನಾವು ಕೇಳಿ ತಿಳಿಯುವುದಿಲ್ಲ. ಭಯವೇ ವೈದ್ಯನಾಗುತ್ತದೆ.

ಬಾವಿಯ ಮೋಟಾರು ಸರಿಯಿದೆಯೇ ಎಂದು ನೀವು ಹೇಗೆ ನೋಡುತ್ತೀರಿ? ನಿಂತ ಮೋಟಾರನ್ನು ನೋಡಿದರೆ ಏನೂ ತಿಳಿಯದು. ಚಾಲೂ ಮಾಡಿ, ನೀರು ಎಷ್ಟು ಎತ್ತುತ್ತದೆ, ಎಷ್ಟು ಬಿಸಿಯಾಗುತ್ತದೆ ಎಂದು ನೋಡಬೇಕು. ಹೃದಯವೂ ಹಾಗೆಯೇ. ಮಲಗಿಸಿ ತೆಗೆದ ಇಸಿಜಿಯಲ್ಲಿ ಕಾಣದ ದೋಷ ಶ್ರಮದಲ್ಲಿ ಕಾಣಬಹುದು. ಇದಕ್ಕಾಗಿಯೇ ವ್ಯಾಯಾಮ ಪರೀಕ್ಷೆ.

ಇದರಲ್ಲಿ ಮಗುವನ್ನು ಓಡುವ ಪಟ್ಟಿಯ ಮೇಲೆ, ಅಂದರೆ ಟ್ರೆಡ್‌ಮಿಲ್ ಮೇಲೆ, ನಡೆಸುತ್ತಾರೆ. ಇಲ್ಲವೆ ನಿಂತಲ್ಲೇ ಇರುವ ಸೈಕಲ್ ತುಳಿಸುತ್ತಾರೆ. ಟ್ರೆಡ್‌ಮಿಲ್‌ನ ಬ್ರೂಸ್ ಪದ್ಧತಿಯಲ್ಲಿ ಪ್ರತಿ 3 ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾರೆ. ಎದೆಬಡಿತ, ರಕ್ತದೊತ್ತಡ, ರಕ್ತದಲ್ಲಿನ ಆಮ್ಲಜನಕ ಇವನ್ನು ಅಳೆಯುತ್ತಾರೆ. ಕೆಲವು ಕಡೆ ಮುಖವಾಡ ಹಾಕಿ ಉಸಿರನ್ನೂ ಅಳೆಯುತ್ತಾರೆ. ವೈದ್ಯರು ಪಕ್ಕದಲ್ಲೇ ಇರುತ್ತಾರೆ. ತೊಂದರೆ ಕಂಡರೆ ತಕ್ಷಣ ನಿಲ್ಲಿಸುತ್ತಾರೆ. ಅಷ್ಟು ಶ್ರಮ ತಾಳದವರನ್ನು 6 ನಿಮಿಷ ಸಮನೆಲದಲ್ಲಿ ನಡೆಸಿ, ನಡೆದ ದೂರವನ್ನು ಅಳೆಯುವುದೂ ಉಂಟು.

ಇಂಥ ಎಷ್ಟೋ ಮಕ್ಕಳು ಬೇಗ ದಣಿಯುವುದು ಹೃದಯದ ದೋಷದಿಂದ ಮಾತ್ರವಲ್ಲ, ಕೂತು ಕೂತು ಸ್ನಾಯುಗಳು ಸೊರಗುವುದರಿಂದಲೂ ಹೌದು. ಕಟ್ಟಿಹಾಕಿದ ಹೋರಿಗೆ ನೊಗದ ಬಲ ಬರುವುದೇ? ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಪಳಗಿಸಬೇಕು.

ಆದರೆ ಎಲ್ಲ ಮಕ್ಕಳಿಗೂ ಒಂದೇ ಅಳತೆಯಲ್ಲ. ಮಹಾಪಧಮನಿಯ ಕವಾಟ ತೀರ ಕಿರಿದಾಗಿದ್ದರೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದ್ದರೆ, ಎದೆಬಡಿತದ ಲಯ ತಪ್ಪುತ್ತಿದ್ದರೆ ಕಟ್ಟುನಿಟ್ಟಿನ ಮಿತಿ ಬೇಕಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಮಕ್ಕಳಿಗೆ ಕಬಡ್ಡಿಯಂಥ ಬಿದ್ದೇಳುವ ಆಟ ಸಲ್ಲದು. ಎದೆಯ ಎಲುಬು ಕೊಯ್ದು ಶಸ್ತ್ರಚಿಕಿತ್ಸೆ ಮಾಡಿದ್ದರೆ ಅದು ಕೂಡಿಕೊಳ್ಳಲು ವಾರಗಳೇ ಬೇಕು. ಅಲ್ಲಿಯವರೆಗೆ ಕೊಡ, ಹುಲ್ಲಿನ ಹೊರೆ ಎತ್ತಿಸಬಾರದು.

ಮನೆಯವರು ಗಮನಿಸಬೇಕಾದವು:

1. ವೈದ್ಯರು ಒಪ್ಪಿದ ಮೇಲೆ ನಡಿಗೆಯಿಂದ ಆರಂಭಿಸಿರಿ. ನಡೆಯುತ್ತಾ ಮಾತನಾಡಲು ಆಗುವಷ್ಟು ವೇಗ ಸಾಕು. ನಮ್ಮ ಬೇಸಿಗೆಯ ಸುಡುಬಿಸಿಲಿನಲ್ಲಿ ಬೇಡ, ಬೆಳಗಿನ ತಂಪಿನಲ್ಲಿ ಒಳ್ಳೆಯದು.

2. ಆಡುವಾಗ ಎದೆನೋವು, ತಲೆಸುತ್ತು, ಮೂರ್ಛೆ ಬಂದರೆ, ತುಟಿ ನೀಲಿಯಾದರೆ ಆಟ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

3. ಆಡುತ್ತಾ ಆಡುತ್ತಾ ಪದೇ ಪದೇ ಕುಕ್ಕುರುಗಾಲಿನಲ್ಲಿ ಕೂರುವ ಮಗುವನ್ನು ಸೋಮಾರಿ ಎಂದು ಬಯ್ಯದಿರಿ. ಅದು ಹೃದಯದೋಷದ ಲಕ್ಷಣವಿರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆ, ಅಂಗನವಾಡಿಗೆ ಬಂದಾಗ ತೋರಿಸಿರಿ.

4. ಮುಂದಿನ ತಪಾಸಣೆಯಲ್ಲಿ ಹೀಗೆ ಕೇಳಿರಿ: "ವ್ಯಾಯಾಮ ಪರೀಕ್ಷೆ ಬೇಕೇ? ಯಾವ ಆಟ ಆಡಬಹುದು? ಯಾವುದು ಬೇಡ?" ಉತ್ತರವನ್ನು ಬರೆಸಿಕೊಂಡು ಶಾಲೆಯ ಗುರುಗಳಿಗೂ ಕೊಡಿರಿ.

ಆ ಹುಡುಗನಿಗೂ ಪರೀಕ್ಷೆ ಮಾಡಿಸಲಾಯಿತು. ವೈದ್ಯರು ಓಡಲು ಒಪ್ಪಿಗೆ ಕೊಟ್ಟರು. ಈಗ ಹೊಲದಲ್ಲಿರುವ ತಂದೆಗೆ ಬುತ್ತಿ ಒಯ್ಯುವವನು ಅವನೇ. ಅಜ್ಜಿ ಮಾತ್ರ ಅವನು ಹಿಂತಿರುಗುವವರೆಗೂ ಬಾಗಿಲಲ್ಲೇ ನಿಂತಿರುತ್ತಾರೆ. ನಿಲ್ಲಲಿ, ಆದರೆ ಹುಡುಗನನ್ನು ತಡೆಯುವುದಿಲ್ಲ.